ಬೀಳಗಿಯ ನೇತ್ರವೈದ್ಯರು

ನಮ್ಮ ಜತ್ತ ಸೀಮೆಯ ಹಿರಿಯರ ಬಾಯಲ್ಲಿ ಇಂದಿಗೂ ಒಂದು ಮಾತು ಉಳಿದಿದೆ. ವಯಸ್ಸಾದವರ ಕಣ್ಣಿಗೆ ಪೊರೆ ಬಂದು, ಅವರು ಹೊಸ್ತಿಲನ್ನು ತಡವರಿಸತೊಡಗಿದರೆಂದರೆ, 'ಇನ್ನ ಮೋದಿ ಕ್ಯಾಂಪಿಗೆ ಹಾಕಬೇಕು' ಎನ್ನುತ್ತಾರೆ. ಶಿಬಿರವನ್ನು ನಡೆಸುವವರು ಯಾರೇ ಆಗಿರಲಿ, ಅದು ಯಾವ ಊರಿನಲ್ಲೇ ಕೂಡಿರಲಿ, ಅವರ ಪಾಲಿಗೆ ಅದು ಮೋದಿ ಕ್ಯಾಂಪೇ. ಶಾಲೆಯಲ್ಲಿ ನಾವು ಅಂಕಿತನಾಮ, ರೂಢನಾಮ ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತೇವೆ. ಒಬ್ಬ ಮನುಷ್ಯನ ಅಂಕಿತನಾಮವು ಅವನ ಕಣ್ಣೆದುರಿಗೇ ರೂಢನಾಮವಾಗಿ ಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆತಿಲ್ಲ. ಸಂಘದ ವಾರ್ಷಿಕ ಸಂಚಿಕೆಗೆ ಇತಿಹಾಸ ವಿಷಯಕವಾದ ಲೇಖನವೊಂದು ಬೇಕೆಂದು ಕಾರ್ಯಕರ್ತರು ಕೇಳಿದಾಗ, ಶಾಸನಗಳನ್ನೂ ರಾಜವಂಶಗಳನ್ನೂ ಬದಿಗಿಟ್ಟು, ಈ ಹೆಸರಿನ ಹಿಂದಿರುವ ಮನುಷ್ಯನನ್ನು ಕುರಿತು ಬರೆಯುವುದೆಂದು ನಾವು ನಿಶ್ಚಯಿಸಿದೆವು. ಅರಸರ ಇತಿಹಾಸ ಬರೆಯುವವರು ಬಹಳ ಮಂದಿಯಿದ್ದಾರೆ.

ಡಾಕ್ಟರ್ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು ಹುಟ್ಟಿದ್ದು ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. ಮೋದಿ ಎಂಬ ಅಡ್ಡಹೆಸರು ಕೇಳಿ ಗುಜರಾತದವರೆಂದು ಯಾರೂ ಭಾವಿಸಬೇಕಾಗಿಲ್ಲ. ಅವರು ಜೋಳದ ರೊಟ್ಟಿ ಉಂಡು ಬೆಳೆದ ಅಚ್ಚ ಕನ್ನಡಿಗರು. ೧೯೯೭ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಬೀಳಗಿಯು ಆ ಜಿಲ್ಲೆಗೆ ಸೇರಿತು. ಅವರು ಹುಟ್ಟಿದ ಕಾಲಕ್ಕೆ ಬಿಜಾಪುರವು ಮುಂಬಯಿ ಇಲಾಖೆಯಲ್ಲಿತ್ತು, ಜತ್ತವು ತನ್ನದೇ ಅರಸರ ಸಂಸ್ಥಾನವಾಗಿತ್ತು. ಆದರೆ ಸಂತೆ, ಜಾತ್ರೆ, ಬೀಗತನಗಳಿಗೆ ಅಂಥ ಗೆರೆ ಇರಲಿಲ್ಲ. ಬೆಳಗಾವಿಯಲ್ಲಿ ಆಯುರ್ವೇದವನ್ನು ವ್ಯಾಸಂಗ ಮಾಡಿ, ಅನಂತರ ಮುಂಬಯಿಗೆ ಹೋಗಿ ಅವರು ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಕಲಿತರು. ನಮ್ಮ ಕಡೆಯ ಜಾಣ ಹುಡುಗರಿಗೆ ಆ ದಿನಗಳಲ್ಲಿ ದೊಡ್ಡ ವಿದ್ಯೆಯ ದಾರಿ ಬೆಂಗಳೂರಿಗಲ್ಲ, ಪುಣೆ ಮುಂಬಯಿಗಳಿಗೇ ಹೋಗುತ್ತಿತ್ತು.

ಆಯುರ್ವೇದದಿಂದ ಹೊರಟು ಕಣ್ಣಿನ ಶಸ್ತ್ರಕ್ಕೆ ಬಂದದ್ದು ಮೇಲ್ನೋಟಕ್ಕೆ ದಿಕ್ಕು ಬದಲಿಸಿದಂತೆ ಕಾಣಬಹುದು. ವಸ್ತುತಃ ಹಾಗಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಶಾಲಾಕ್ಯವೆಂಬುದೊಂದು. ಶಲಾಕೆ ಎಂದರೆ ಕಡ್ಡಿ, ಕಡ್ಡಿಯಂಥ ಉಪಕರಣದಿಂದ ಮಾಡುವ ಚಿಕಿತ್ಸೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ಹೆಸರಿನಿಂದ ಪೊರೆಯ ವರ್ಣನೆಯಿದೆ. ಜವೆಗೋಧಿಯ ಮೊನೆಯಂಥ ತುದಿಯುಳ್ಳ ಶಲಾಕೆಯನ್ನು ಕಣ್ಣಿನ ಬಿಳಿಯ ಭಾಗದಲ್ಲಿ ಹೊಗಿಸಿ, ದೃಷ್ಟಿಗೆ ಅಡ್ಡವಾದುದನ್ನು ಬದಿಗೆ ಸರಿಸಿ, ತುಪ್ಪ ಹಚ್ಚಿ ಬಟ್ಟೆ ಕಟ್ಟಬೇಕೆಂದೂ, ರೋಗಿಯು ಕೆಮ್ಮು, ಸೀನು, ತೇಗುಗಳನ್ನು ತಡೆದು ಮಲಗಿರಬೇಕೆಂದೂ ಅಲ್ಲಿ ವಿಧಿಸಿದೆ. ಪೊರೆಯನ್ನು ಹೊರಕ್ಕೆ ತೆಗೆಯುತ್ತಿರಲಿಲ್ಲ, ಕಣ್ಣೊಳಗೇ ಕೆಳಕ್ಕೆ ದಬ್ಬುತ್ತಿದ್ದರು ಎಂಬುದನ್ನು ಗಮನಿಸಬೇಕು. ಊರೂರು ತಿರುಗುವ ವೈದ್ಯರ ಕೈಗೆ ಈ ವಿದ್ಯೆ ಬಿದ್ದ ಮೇಲೆ ಅದರ ಶುಚಿತ್ವವೂ ವಿವೇಕವೂ ಮಾಸಿದವು. ಸೂಜಿ ಚುಚ್ಚಿದ ಕೂಡಲೆ ರೋಗಿಗೆ ಬೆಳಕು ಕಾಣುತ್ತಿತ್ತು, ವೈದ್ಯ ಕಾಣಿಕೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದ. ಕೆಲವು ವಾರಗಳಲ್ಲಿ ಎಷ್ಟೋ ಕಣ್ಣುಗಳು ಕೀತು ಹೋಗುತ್ತಿದ್ದವು. ಈ ಪದ್ಧತಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೂ ನಮ್ಮ ದೇಶದಲ್ಲಿ ಜೀವಂತವಾಗಿತ್ತು. ಮದರಾಸಿನಲ್ಲಿದ್ದ ಎಲಿಯಟ್ ಎಂಬ ಆಂಗ್ಲ ನೇತ್ರವೈದ್ಯರು ಅದರ ಅನಾಹುತಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದಿದ್ದಾರೆ. ಪೊರೆಗಟ್ಟಿದ ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಮಾರ್ಗವನ್ನು ೧೭೪೭ರಲ್ಲಿ ತೋರಿಸಿದವನು ಫ್ರಾನ್ಸಿನ ದಾವಿಯೆಲ್. ೧೮೮೪ರಲ್ಲಿ ವಿಯೆನ್ನಾದ ಕೋಲ್ಲರ್ ಎಂಬಾತ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ಕಂಡುಹಿಡಿದ ಮೇಲೆ ಆ ಶಸ್ತ್ರಕರ್ಮವು ರೋಗಿಗೆ ಸಹ್ಯವಾಯಿತು.

ಮುಂಬಯಿಯಲ್ಲಿ ನೆಲೆಯೂರಿ ಹಣ ಗಳಿಸುವುದು ಮೋದಿಯವರಂಥ ಕೈಚಳಕವುಳ್ಳವರಿಗೆ ಕಷ್ಟವಾಗಿರಲಿಲ್ಲ. ಆದರೆ ಅದು ಗಾಂಧೀಜಿಯವರ ಮಾತು ತರುಣರನ್ನು ಹಳ್ಳಿಗಳತ್ತ ತಿರುಗಿಸುತ್ತಿದ್ದ ಕಾಲ. ೧೯೪೩ರಿಂದ ಮೋದಿಯವರು ಶಿಬಿರಗಳ ಕೆಲಸವನ್ನು ಹಿಡಿದರು, ಹಿಡಿದದ್ದನ್ನು ಮುಪ್ಪಿನವರೆಗೂ ಬಿಡಲಿಲ್ಲ.

ಪೊರೆಯ ಸ್ವಭಾವವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಕಣ್ಣಪಾಪೆಯ ಹಿಂದೆ ಸ್ಫಟಿಕದಂಥ ಒಂದು ಮಸೂರವಿದೆ. ವಯಸ್ಸಾದಂತೆ ಅದು ಮಂಜಾಗುತ್ತದೆ. ಇದೇ ಪೊರೆ, ನಮ್ಮ ಗಡಿಯ ಮಾತಿನಲ್ಲಿ ಮೋತಿಬಿಂದು. ಹನಿ, ಅಂಜನ, ಪಥ್ಯ ಯಾವುದರಿಂದಲೂ ಅದು ಕರಗದು. ಶಸ್ತ್ರವೊಂದೇ ದಾರಿ. ಹೀಗೆ ಕುರುಡಾದವನು ನಿಜವಾಗಿ ಕುರುಡನಲ್ಲ, ಬಾಗಿಲು ಮುಚ್ಚಿದ ಮನೆಯೊಳಗೆ ಕುಳಿತವನು. ಬಾಗಿಲು ತೆರೆಯಬಲ್ಲ ಕೈ ಪಟ್ಟಣದಲ್ಲಿತ್ತು, ಮುಚ್ಚಿದ ಮನೆಗಳು ಹಳ್ಳಿಗಳಲ್ಲಿದ್ದವು. ಕಣ್ಣು ಕಾಣದ ಮುದುಕನನ್ನು ಪಟ್ಟಣಕ್ಕೆ ಒಯ್ಯಬೇಕಾದರೆ ಮನೆಯ ದುಡಿಯುವ ಆಳೊಬ್ಬ ಹದಿನೈದು ದಿನ ಕೆಲಸ ಬಿಡಬೇಕು. ಗಾಡಿಯ ಖರ್ಚು, ಊಟದ ಖರ್ಚು, ದವಾಖಾನೆಯ ಖರ್ಚು ಬೇರೆ. 'ಇನ್ನೆಷ್ಟು ದಿನ ಇರತೀನಿ, ಬಿಡ್ರಿ' ಎಂದು ಮುದುಕರೇ ಹೇಳಿಬಿಡುತ್ತಿದ್ದರು. ರೋಗಿಯು ವೈದ್ಯನಲ್ಲಿಗೆ ಬರಲಾರನಾದರೆ ವೈದ್ಯನೇ ರೋಗಿಯಿದ್ದಲ್ಲಿಗೆ ಹೋಗಬೇಕು ಎಂಬಷ್ಟೇ ಮೋದಿಯವರ ತರ್ಕ. ಅವರ ಪದ್ಧತಿಯೆಲ್ಲ ಇದರಿಂದ ಹುಟ್ಟಿಕೊಂಡಿತು.

ಇಂಥ ಶಿಬಿರಗಳು ನಡೆಯುತ್ತಿದ್ದ ಬಗೆ ಹೀಗೆ. ಊರಿನ ಶಾಲೆಯೋ ಮಠವೋ ಛತ್ರವೋ ಕೆಲವು ದಿನಗಳ ಮಟ್ಟಿಗೆ ಆಸ್ಪತ್ರೆಯಾಗುತ್ತಿತ್ತು. ವರ್ತಕರು ಅಕ್ಕಿ ಬೇಳೆ ಕೊಡುವರು, ತರುಣರು ಸ್ವಯಂಸೇವಕರಾಗಿ ನಿಲ್ಲುವರು. ಸುತ್ತಲ ಹಳ್ಳಿಗಳಿಗೆ ಡಂಗುರ ಹೋಗುತ್ತಿತ್ತು. ಬಂದವರನ್ನೆಲ್ಲ ಸಾಲುಗೂಡಿಸಿ ಪರೀಕ್ಷಿಸಿ, ಶಸ್ತ್ರಕ್ಕೆ ಯೋಗ್ಯರಾದವರನ್ನು ಬೇರೆ ಮಾಡುತ್ತಿದ್ದರು. ಒಳಗೆ ಮೇಜುಗಳ ಸಾಲು. ಒಂದು ಮೇಜಿನ ಮೇಲೆ ಶಸ್ತ್ರ ನಡೆಯುತ್ತಿರುವಾಗ ಪಕ್ಕದ ಮೇಜಿನ ರೋಗಿಯ ಕಣ್ಣು ತೊಳೆದು ಮದ್ದು ಚುಚ್ಚಿ ಸಿದ್ಧಗೊಳಿಸಿರುತ್ತಿದ್ದರು. ಮುಗಿದವರನ್ನು ಸೇವಕರು ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸುತ್ತಿದ್ದರು. ಅಂದಿನ ಶಸ್ತ್ರಕರ್ಮದಲ್ಲಿ ಪಳಗಿದ ಕೈಗೆ ಬೇಕಾಗುತ್ತಿದ್ದುದು ಕೆಲವೇ ನಿಮಿಷ; ಹೊತ್ತು ಹಿಡಿಯುತ್ತಿದ್ದುದು ಅದರ ಹಿಂದುಮುಂದಿನ ಕೆಲಸ. ಆ ಹಿಂದುಮುಂದಿನ ಕೆಲಸವನ್ನು ಹಂಚಿಹಾಕಿ, ಶಸ್ತ್ರ ಹಿಡಿದ ಕೈ ಮಾತ್ರ ಬಿಡುವಿಲ್ಲದೆ ಸಾಗುವಂತೆ ಮಾಡಿದ್ದೇ ಮೋದಿಯವರ ಹೆಚ್ಚುಗಾರಿಕೆ. ನಮ್ಮ ಮದುವೆಯ ಮನೆಗಳಲ್ಲಿ ಪಂಕ್ತಿ ಬಡಿಸುವವರ ಶಿಸ್ತನ್ನು ಕಂಡವರಿಗೆ ಇದು ಬೇಗನೆ ತಿಳಿದೀತು.

ಇನ್ನು ಅಂಕಿಗಳ ವಿಷಯ. ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಹೀಗೆ ಬರೆದಿದೆ: ೧೯೯೩ರ ಫೆಬ್ರವರಿಯವರೆಗೆ ೪೬,೧೨೦ ಹಳ್ಳಿಗಳು, ೧,೨೧,೧೮,೬೩೦ ರೋಗಿಗಳು, ೬,೧೦,೫೬೪ ಶಸ್ತ್ರಕರ್ಮಗಳು, ಒಂದೇ ದಿನದಲ್ಲಿ ಮಾಡಿದ ಪೊರೆಯ ಶಸ್ತ್ರಕರ್ಮಗಳು ೮೩೩. ಸಭೆಗಳಲ್ಲಿ ಈ ಅಂಕಿಗಳನ್ನು ಓದಿ ಚಪ್ಪಾಳೆ ತಟ್ಟುವುದುಂಟು. ನಾವು ಮಾಸ್ತರರಾದುದರಿಂದ ಕರಿಹಲಗೆಯ ಮೇಲೆ ಭಾಗಾಕಾರ ಮಾಡಿ ನೋಡಿದೆವು. ಐವತ್ತು ವರ್ಷಗಳಿಗೆ ಹಂಚಿದರೆ ದಿನಕ್ಕೆ ಸುಮಾರು ಮೂವತ್ತಮೂರು ಶಸ್ತ್ರಕರ್ಮಗಳಾಗುತ್ತವೆ, ಹಬ್ಬಹುಣ್ಣಿಮೆಗಳನ್ನೂ ಬಿಡದೆ. ಪರೀಕ್ಷೆಗೆ ಬಂದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಶಸ್ತ್ರವಾಯಿತು ಎಂದು ತಿಳಿಯುತ್ತದೆ. ಇದು ಒಪ್ಪತಕ್ಕ ಮಾತು, ಉಳಿದವರಿಗೆ ಚಾಳೀಸು, ಹನಿ, ಬುದ್ಧಿಮಾತು ಸಾಕಾಗಿರಬೇಕು. ಹಳ್ಳಿಗಳ ಲೆಕ್ಕ ಮಾತ್ರ ದಿನಕ್ಕೆ ಎರಡೂವರೆ ಹಳ್ಳಿಯಾಗುತ್ತದೆ. ಅವನ್ನು ಅವರು ಕಾಲಿಟ್ಟ ಹಳ್ಳಿಗಳು ಎನ್ನುವುದಕ್ಕಿಂತ ಅವರ ಶಿಬಿರಗಳಿಗೆ ಜನ ಬಂದ ಹಳ್ಳಿಗಳು ಎಂದುಕೊಳ್ಳುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಹಾಗೆಂದುಕೊಂಡರೆ ಅವರ ಹಿರಿಮೆಗೆ ಕುಂದೇನೂ ಇಲ್ಲ.

೮೩೩ರ ಅಂಕಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಇಪ್ಪತ್ತನಾಲ್ಕು ಗಂಟೆಯೂ ಕಣ್ಣು ಮುಚ್ಚದೆ ದುಡಿದರೂ ಒಂದು ಕಣ್ಣಿಗೆ ಎರಡು ನಿಮಿಷ ಪೂರ್ತಿಯಾಗಿ ದಕ್ಕುವುದಿಲ್ಲ. ಇದು ಚಿಕಿತ್ಸೆಯೇ, ಸುಗ್ಗಿಯ ರಾಶಿ ತೂರುವ ಕೆಲಸವೇ? ರೋಗಿಯ ಹೆಸರು ಕೇಳಲು, ಹೆದರಿದ ಮುದುಕಿಯ ಕೈ ಹಿಡಿಯಲು ಹೊತ್ತೆಲ್ಲಿ? ಈ ಪ್ರಶ್ನೆಯನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಶಾಲೆಯ ಕೊಠಡಿಯಲ್ಲಿ ಆಸ್ಪತ್ರೆಯ ಶುಚಿಯನ್ನು ಕಾಯುವುದು ಕಠಿಣ. ಶಿಬಿರ ಎದ್ದ ಮೇಲೆ ಕಣ್ಣು ಕೆಂಪಾದರೆ ಕೇಳುವವರಿಲ್ಲ. ಇಂಥ ಕಾರಣಗಳಿಂದಲೇ ಮುಂದೆ ಶಿಬಿರದಲ್ಲಿ ಪರೀಕ್ಷೆಯಷ್ಟನ್ನೇ ಮಾಡಿ, ಶಸ್ತ್ರವನ್ನು ಆಸ್ಪತ್ರೆಯಲ್ಲಿ ಮಾಡುವ ಪದ್ಧತಿ ಬಂತು. ಆದರೆ ೧೯೫೦ರ ಸುಮಾರಿನಲ್ಲಿ ನಿಂತು ನೋಡಿದರೆ ಆಯ್ಕೆಯಿದ್ದುದು ಎರಡು ನಿಮಿಷದ ಚಿಕಿತ್ಸೆಗೂ ಅರ್ಧ ತಾಸಿನ ಚಿಕಿತ್ಸೆಗೂ ನಡುವೆ ಅಲ್ಲ, ಎರಡು ನಿಮಿಷಕ್ಕೂ ಏನೂ ಇಲ್ಲದುದಕ್ಕೂ ನಡುವೆ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ಮನೆಯಲ್ಲಿಯೇ ಕಂಡೆವು.

ನಮ್ಮ ತಂದೆಯ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವರು, ೧೯೬೦ರ ದಶಕದಲ್ಲಿ ಇಂಥದೊಂದು ಶಿಬಿರದಲ್ಲಿ ಮಲಗಿ ಬಂದವರು. ಶಸ್ತ್ರ ಹಿಡಿದ ಕೈ ಯಾರದೆಂದು ಅವರು ನೋಡಿರಲಿಲ್ಲ, ನೋಡುವ ಸ್ಥಿತಿಯಲ್ಲೂ ಇರಲಿಲ್ಲ. ಅವರ ಪಾಲಿಗೆ ಅದು ಮೋದಿ ಕ್ಯಾಂಪು. ಮುತ್ಯಾ ಗಾಡಿ ಕಟ್ಟಿ ಕರೆದೊಯ್ದರಂತೆ. ಎರಡೂ ಕಣ್ಣಿಗೆ ಪಟ್ಟಿ. ತಲೆ ಅಲುಗಿಸಕೂಡದು, ಕೆಮ್ಮಕೂಡದು, ರೊಟ್ಟಿ ಅಗಿಯಕೂಡದು. ಒಂದು ವಾರ ಗಂಜಿ, ಶಿರಾ. ಮುತ್ಯಾ ಪಕ್ಕದಲ್ಲಿ ಕುಳಿತು ನೊಣ ಝಾಡಿಸುವುದು. ಜೀವನದಲ್ಲಿ ಒಮ್ಮೆಯೂ ಹೆಂಡತಿಗೆ ನೀರು ಕೊಟ್ಟರಿಯದ ಮನುಷ್ಯ ಚಮಚದಿಂದ ಗಂಜಿ ಕುಡಿಸಿದ್ದನ್ನು ಆಯಿ ಕೊನೆಯವರೆಗೂ ನಗುತ್ತ ಹೇಳುತ್ತಿದ್ದರು. ಸುಶ್ರುತ ವಿಧಿಸಿದ ಪಥ್ಯಕ್ಕೂ ಇದಕ್ಕೂ ಎಷ್ಟು ಹತ್ತಿರವೆಂಬುದನ್ನು ಸಂಸ್ಕೃತ ಓದುವಾಗ ಗುರುತಿಸಿ ನಾವು ಬೆರಗಾದೆವು.

ಅಂದಿನ ಪದ್ಧತಿಯಲ್ಲಿ ಮಸೂರವನ್ನು ಅದರ ಚೀಲಸಹಿತ ಹೊರತೆಗೆಯುತ್ತಿದ್ದರು, ಬದಲಿಗೆ ಒಳಗೆ ಏನನ್ನೂ ಇಡುತ್ತಿರಲಿಲ್ಲ. ಆದುದರಿಂದ ಮಸೂರದ ಕೆಲಸವನ್ನು ಮೂಗಿನ ಮೇಲಿನ ದಪ್ಪ ಗಾಜು ಮಾಡಬೇಕಾಗುತ್ತಿತ್ತು. ನಮ್ಮ ಬಾಲ್ಯದ ನೆನಪಿನಲ್ಲಿ ಆಯಿಯ ಮುಖವೆಂದರೆ ಆ ಗಾಜಿನ ಹಿಂದೆ ದೊಡ್ಡದಾಗಿ ಕಾಣುವ ಎರಡು ಕಣ್ಣುಗಳು. ಆ ಚಾಳೀಸಿನಲ್ಲಿ ಎಲ್ಲ ವಸ್ತುಗಳೂ ಕಾಲುಪಾಲಿಗಿಂತ ಹೆಚ್ಚು ದೊಡ್ಡದಾಗಿ, ಹತ್ತಿರವಿದ್ದಂತೆ ಕಾಣುತ್ತವೆ. ಬದಿಯ ನೋಟ ಕೆಡುತ್ತದೆ. 'ಎಲ್ಲಾ ಹತ್ರ ಬಂದು ನಿಂತಾವ, ಕೈ ಚಾಚಿದ್ರ ಸಿಗೂದಿಲ್ಲ' ಎಂದು ಅವರು ನೀರಿನ ತಂಬಿಗೆಯನ್ನು ಹುಡುಕುತ್ತಿದ್ದರು. ಚಹಾ ಬಸಿಯ ಹೊರಗೆ ಚೆಲ್ಲುತ್ತಿತ್ತು. ಒಮ್ಮೆ ಚಾಳೀಸು ಕೆಳಗೆ ಬಿದ್ದು ಒಡೆದಾಗ ಮತ್ತೊಂದು ಬರುವ ತನಕ, ಸುಮಾರು ಒಂದು ತಿಂಗಳು, ಆಯಿ ಮತ್ತೆ ಕುರುಡರಾದರು. ಇವೆಲ್ಲ ಆ ಚಿಕಿತ್ಸೆಯ ಕೊರತೆಗಳು. ಆದರೆ ಅದೇ ಚಾಳೀಸು ಹಾಕಿಕೊಂಡು ಅವರು ಇಪ್ಪತ್ತು ವರ್ಷ ಜೋಳ ಹಸನು ಮಾಡಿದರು, ಮೊಮ್ಮಕ್ಕಳ ತಲೆಯ ಹೇನು ಹೆಕ್ಕಿದರು, ಕೌದಿ ಹೊಲಿದರು. ಎರಡು ನಿಮಿಷದ ಶಸ್ತ್ರಕರ್ಮವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಈ ಇಪ್ಪತ್ತು ವರ್ಷಗಳನ್ನು ಇಡದೆ ಇರಲು ನಮಗೆ ಸಾಧ್ಯವಿಲ್ಲ.

ಅಭಿಮಾನಕ್ಕೂ ಒಂದು ಮಿತಿ ಬೇಕಾದುದರಿಂದ ಇನ್ನೊಂದು ಮಾತು. ಹಿಂಡುಹಿಂಡಾಗಿ ಬಂದವರಿಗೆ ಕಣ್ಣಿನ ಶಸ್ತ್ರ ಮಾಡಿದವರಲ್ಲಿ ಮೋದಿಯವರೇ ಮೊದಲಿಗರಲ್ಲ. ಪಂಜಾಬದ ಜಲಂಧರದಲ್ಲಿ ಹೆನ್ರಿ ಸ್ಮಿತ್, ಮೋಗಾದಲ್ಲಿ ಮಥುರಾದಾಸ ಪಾಹ್ವಾ ಮೊದಲಾದವರು ಅವರಿಗಿಂತ ಮೊದಲೇ ಸಾವಿರಾರು ಕಣ್ಣುಗಳನ್ನು ತೆರೆದಿದ್ದರು. ಅಲ್ಲಿ ಜನರು ಆಸ್ಪತ್ರೆಗೆ ಬರುತ್ತಿದ್ದರು. ಇಲ್ಲಿ ಆಸ್ಪತ್ರೆಯೇ ಊರೂರಿಗೆ ನಡೆದು ಬಂದಿತು.

೧೯೫೬ನೆಯ ಇಸವಿ ನಮಗೆ ಬೇರೊಂದು ಕಾರಣದಿಂದ ಮರೆಯಲಾಗದ್ದು. ಆ ವರ್ಷದ ನವೆಂಬರ್ ಒಂದರಂದು ರಾಜ್ಯಗಳ ಗೆರೆ ಹೊಸದಾಗಿ ಬಿದ್ದು, ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಅದೇ ವರ್ಷ ಮೋದಿಯವರಿಗೆ ಪದ್ಮಶ್ರೀ ದೊರೆಯಿತು, ೧೯೬೮ರಲ್ಲಿ ಪದ್ಮಭೂಷಣ. ಪೊರೆಗೆ ಗಡಿಯ ತಿಳಿವಳಿಕೆಯಿಲ್ಲ, ಅದು ಆಚೆಯ ಕಣ್ಣಿಗೂ ಈಚೆಯ ಕಣ್ಣಿಗೂ ಒಂದೇ ಸಮನೆ ಕವಿಯುತ್ತದೆ. ಬೆಂಗಳೂರಿನಲ್ಲಿ ಅವರ ಹೆಸರಿನ ಕಣ್ಣಿನ ಆಸ್ಪತ್ರೆಯಿದೆ, ಅದರಿಂದ ಹೆಸರು ಪಡೆದ ರಸ್ತೆಯೂ ಇದೆ. ೨೦೦೫ರ ನವೆಂಬರ್ ೧೧ರಂದು ಅವರು ತೀರಿಕೊಂಡರು.

ಎಂಟು ತಿಂಗಳ ತರುವಾಯ, ೨೦೦೬ರ ಜುಲೈಯಲ್ಲಿ, ಮಧುರೆಯ ಡಾಕ್ಟರ್ ಜಿ. ವೆಂಕಟಸ್ವಾಮಿಯವರೂ ತೀರಿಕೊಂಡರು. ಇಬ್ಬರ ಬಾಳನ್ನೂ ಜೊತೆಗಿಟ್ಟು ಓದುವುದು ಉಚಿತ. ವೆಂಕಟಸ್ವಾಮಿಯವರ ಬೆರಳುಗಳು ತಾರುಣ್ಯದಲ್ಲಿಯೇ ಕೀಲುವಾತದಿಂದ ಸೊಟ್ಟಗಾಗಿದ್ದವು. ಆ ಬೆರಳುಗಳಿಗೆ ಶಸ್ತ್ರ ಹಿಡಿಯಲು ಕಲಿಸಿ ಅವರು ಲಕ್ಷಕ್ಕೆ ಮೀರಿ ಕಣ್ಣುಗಳಿಗೆ ಚಿಕಿತ್ಸೆ ಮಾಡಿದರು. ಸರಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ೧೯೭೬ರಲ್ಲಿ ಹನ್ನೊಂದು ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಕೊಡಬಲ್ಲವರು ಕೊಟ್ಟ ಹಣದಿಂದ ಕೊಡಲಾರದವರಿಗೂ ಅದೇ ಚಿಕಿತ್ಸೆ. ಮೋದಿಯವರ ಪದ್ಧತಿ ಬಹುಮಟ್ಟಿಗೆ ಒಬ್ಬ ಮನುಷ್ಯನ ಕೈಗೆ ಕಟ್ಟಿಬಿದ್ದಿತ್ತು, ಆ ಕೈ ದಣಿದಾಗ ಅದೂ ದಣಿಯಿತು. ವೆಂಕಟಸ್ವಾಮಿಯವರದು ಸಂಸ್ಥೆಯಾಗಿ ಬೇರುಬಿಟ್ಟಿತು. ಇದು ನಮ್ಮ ಕನ್ನಡ ನಾಡು ಯೋಚಿಸತಕ್ಕ ವಿಷಯ.

ಇಷ್ಟರಲ್ಲಿ ವಿದ್ಯೆಯೂ ಬದಲಾಗಿತ್ತು. ಯುದ್ಧಕಾಲದಲ್ಲಿ ವಿಮಾನದ ಕಿಟಕಿಯ ಚೂರುಗಳು ವೈಮಾನಿಕರ ಕಣ್ಣೊಳಗೆ ಹೊಕ್ಕರೂ ಕೀವಾಗದೆ ಉಳಿದುದನ್ನು ಗಮನಿಸಿದ್ದ ಲಂಡನ್ನಿನ ಹೆರಾಲ್ಡ್ ರಿಡ್ಲಿ, ೧೯೪೯ರಲ್ಲಿ ಅಂಥದೇ ವಸ್ತುವಿನ ಮಸೂರವನ್ನು ರೋಗಿಯ ಕಣ್ಣಿನೊಳಗೆ ಕೂಡಿಸಿದನು. ಬಹುಕಾಲ ಅದು ಸಿರಿವಂತರ ಸೊತ್ತಾಗಿತ್ತು. ೧೯೯೨ರಲ್ಲಿ ಅರವಿಂದ ಸಂಸ್ಥೆಯವರು ಮಧುರೆಯಲ್ಲಿಯೇ ಅದನ್ನು ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. ೧೯೯೪ರಿಂದ ೨೦೦೨ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರವೂ ಸೇರಿದಂತೆ ಏಳು ರಾಜ್ಯಗಳಲ್ಲಿ ನಡೆದ ಯೋಜನೆಯಿಂದ ಈ ಮಸೂರವು ಬಡವರ ಕಣ್ಣಿಗೂ ಬಂತು. ಆಯಿಯ ದಪ್ಪ ಗಾಜು ಇಂದಿನ ಮಕ್ಕಳಿಗೆ ಕಾಣಸಿಗುವುದಿಲ್ಲ. ರೋಗಿ ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುತ್ತಾನೆ.

ಆದರೆ ಹೊಸ ವಿದ್ಯೆಯು ಹೊಸದೊಂದು ತೊಡಕನ್ನೂ ತಂದಿದೆ, ಅದು ಗಡಿಯಲ್ಲಿರುವ ನಮಗೇ ಹೆಚ್ಚು ತಾಗುವಂಥದು. ಹಿಂದೆ ಮದ್ದು ಚುಚ್ಚಿ ಕಣ್ಣನ್ನು ಅಲುಗದಂತೆ ಮಾಡುತ್ತಿದ್ದರು. ಈಗ ಎಷ್ಟೋ ಕಡೆ ಬರಿಯ ಹನಿ ಹಾಕಿ ಶಸ್ತ್ರ ಮಾಡುತ್ತಾರೆ. ನೋವಿಲ್ಲ, ಆದರೆ ಕಣ್ಣು ಅಲುಗುತ್ತದೆ. ರೋಗಿ ಎಚ್ಚರವಾಗಿದ್ದು, ವೈದ್ಯರು ಹೇಳಿದತ್ತ ನೋಡಬೇಕು, ಹೇಳಿದಾಗ ಸ್ತಬ್ಧವಾಗಿರಬೇಕು. ಎಂದರೆ ವೈದ್ಯರ ಮಾತು ರೋಗಿಗೆ ತಿಳಿಯಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರನ್ನು ಪಟ್ಟಣದ ಒಂದು ದವಾಖಾನೆಗೆ ಕರೆದೊಯ್ದಿದ್ದೆವು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಒಳಗೆ ಮೇಜಿನ ಮೇಲೆ ಮಲಗಿಸಿ, 'ಆಜೀ, ಖಾಲೀ ಬಘಾ' ಎಂದರಂತೆ. ಮರಾಠಿಯಲ್ಲಿ ಅದರ ಅರ್ಥ ಕೆಳಗೆ ನೋಡಿರಿ ಎಂದು. ಅವ್ವನ ಕಿವಿಗೆ ಬಿದ್ದದ್ದು ಖಾಲಿ ಎಂಬ ಕನ್ನಡದ ಮಾತು. ಏನು ಖಾಲಿಯಾಯಿತೋ, ಕಣ್ಣೇ ಖಾಲಿಯಾಯಿತೋ ಎಂದು ಗಾಬರಿಯಾಗಿ ಅವರು ಕಣ್ಣನ್ನು ಮೇಲೆ ಕೆಳಗೆ ಹೊರಳಾಡಿಸಿಬಿಟ್ಟರು. ವೈದ್ಯರು ತಾಳ್ಮೆಯುಳ್ಳವರು, ಕೈ ಹಿಂದೆಗೆದರು. ಜೊತೆಗಿದ್ದವರು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದರು. ಭಾಷೆ ತಿಳಿಯದವರಿಗೆ ಕಿವಿ ಕೇಳದೆಂದು ತಿಳಿಯುವುದು ಎಲ್ಲ ಊರುಗಳಲ್ಲಿಯೂ ಇರುವ ರೂಢಿ. ಕೊನೆಗೆ ಬಾಗಿಲಾಚೆ ನೆಲ ಒರೆಸುತ್ತಿದ್ದ ಅಕ್ಕಲಕೋಟೆ ಕಡೆಯ ಹೆಂಗಸೊಬ್ಬಳು ಅಲ್ಲಿಂದಲೇ ಕೂಗಿ ಹೇಳಿದಳಂತೆ: 'ಯವ್ವಾ, ಕೆಳಗ ನೋಡಬೇ, ಹೆದರಬ್ಯಾಡ.' ಅವ್ವನ ಕಣ್ಣು ತಟ್ಟನೆ ನಿಂತಿತು.

ಮೋದಿಯವರ ಎರಡು ನಿಮಿಷಗಳ ಗುಟ್ಟಿನ ಒಂದಂಶ ಇಲ್ಲಿಯೇ ಇತ್ತೆಂದು ಈಗ ನಮಗೆ ತೋರುತ್ತದೆ. ಆ ಶಿಬಿರಗಳಲ್ಲಿ ರೋಗಿಯ ಸುತ್ತ ನಿಂತವರು ಅವನದೇ ಸೀಮೆಯ ಹುಡುಗರು, ಅವನದೇ ಮಾತಿನವರು. ಕೈ ಹಿಡಿಯಲು ಡಾಕ್ಟರರಿಗೆ ಹೊತ್ತಿರದಿದ್ದರೂ ಹಿಡಿಯುವ ಕೈಗಳು ಅಲ್ಲಿದ್ದವು.

ಅವ್ವನ ಎರಡನೆಯ ಕಣ್ಣಿನ ಶಸ್ತ್ರಕ್ಕೆ ಹೋಗುವ ಮೊದಲು ನಮ್ಮ ಹತ್ತನೆಯ ತರಗತಿಯ ಮಕ್ಕಳಿಂದ ಒಂದು ರಟ್ಟಿನ ಹಲಗೆ ಬರೆಸಿದೆವು. ಕೆಳಗೆ ನೋಡಿ, ಮೇಲೆ ನೋಡಿ, ದೀಪ ನೋಡಿ, ಅಲುಗಬೇಡಿ, ಕೆಮ್ಮು ಬಂದರೆ ಹೇಳಿ, ಮುಗಿಯಿತು: ಈ ಆರು ಮಾತುಗಳ ಕನ್ನಡವನ್ನು ದೊಡ್ಡ ದೇವನಾಗರಿ ಅಕ್ಷರಗಳಲ್ಲಿ ಬರೆದು, ಪಕ್ಕದಲ್ಲಿ ಅದರ ಮರಾಠಿ ಅರ್ಥ. ವೈದ್ಯರು ಅದನ್ನು ಓದಿ ನಕ್ಕರು, ನಕ್ಕು ಗೋಡೆಗೆ ಹೊಡೆಸಿದರು. ಕಳೆದ ಬಾರಿ ಹೋದಾಗಲೂ ಅದು ಅಲ್ಲಿಯೇ ಇತ್ತು. 'ಮುಗಿಯಿತು' ಎಂಬುದರ ಕೆಳಗೆ ಯಾರೋ ನೀಲಿ ಮಸಿಯಲ್ಲಿ, ದೇವನಾಗರಿಯಲ್ಲಿಯೇ, 'ಮುಗೀತ್ರಿ' ಎಂದು ತಿದ್ದಿದ್ದರು.